ಶಾಲೆಯ ಬೆಳಗಿನ ಆಹಾರ ಮತ್ತು ಮಕ್ಕಳ ಪಾಲ್ಗೊಳ್ಳುವಿಕೆ: ಕಡೂರು, ತರೀಕೆರೆ, ಅಜ್ಜಂಪುರ

ಶಾಲೆಯ ಬೆಳಗಿನ ಆಹಾರವೆಂದರೆ ಪಾಠ ಶುರುವಾಗುವ ಮುನ್ನ ಅಥವಾ ಮೊದಲ ಒಂದೆರಡು ಅವಧಿಗಳೊಳಗೆ ಶಾಲೆಯೇ ಮಕ್ಕಳಿಗೆ ಕೊಡುವ ಹಾಲು, ಮಾಲ್ಟ್ ಅಥವಾ ತಿಂಡಿ. ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳ ಸರ್ಕಾರಿ ಹಾಗೂ ಅನುದಾನಿತ ಶಾಲೆಗಳಲ್ಲಿ ಇದು ಕ್ಷೀರಭಾಗ್ಯ ಯೋಜನೆಯ ಬಿಸಿ ಹಾಲಿನ ರೂಪದಲ್ಲಿದೆ. 2024ರಿಂದ ವಾರದ ಕೆಲವು ದಿನ ಆ ಹಾಲಿಗೆ ರಾಗಿ ಮಾಲ್ಟ್ ಸೇರಿದೆ. ಮಧ್ಯಾಹ್ನ ಅಕ್ಷರ ದಾಸೋಹದ ಬಿಸಿಯೂಟ ಉಂಟು. ತಮಿಳುನಾಡಿನಲ್ಲಿರುವಂತೆ ಬೆಳಿಗ್ಗೆ ಉಪ್ಪಿಟ್ಟು, ಪೊಂಗಲ್ ಬಡಿಸುವ ಪೂರ್ಣ ಪ್ರಮಾಣದ ತಿಂಡಿ ಯೋಜನೆ ಕರ್ನಾಟಕದಲ್ಲಿ ರಾಜ್ಯವ್ಯಾಪಿಯಾಗಿ ಇನ್ನೂ ಬಂದಿಲ್ಲ. ಆದ್ದರಿಂದ ಇಲ್ಲಿ ಪಾಲ್ಗೊಳ್ಳುವಿಕೆಯ ಪ್ರಶ್ನೆ ಎರಡು ಬಗೆಯದು. ಈಗ ಸಿಗುತ್ತಿರುವ ಹಾಲನ್ನು ಎಲ್ಲ ಮಕ್ಕಳೂ ಕುಡಿಯುವಂತೆ ಮಾಡುವುದು ಹೇಗೆ ಎಂಬುದು ಒಂದು. ಮುಂದೆ ತಿಂಡಿ ಬಂದರೆ ಅದು ನಿಜವಾಗಿಯೂ ಹಸಿದು ಬಂದ ಮಗುವಿನ ತಟ್ಟೆಗೆ ಬೀಳಲು ಏನೇನು ಬೇಕು ಎಂಬುದು ಇನ್ನೊಂದು.

ಪ್ರದೇಶ ಮತ್ತು ಬೆಳಗಿನ ದಿನಚರಿ

ಮೂರೂ ತಾಲ್ಲೂಕುಗಳು ಬಾಬಾಬುಡನ್‌ಗಿರಿ ಸಾಲಿನ ಪೂರ್ವ ಮತ್ತು ಉತ್ತರಕ್ಕೆ ಹರಡಿವೆ. ಚಿಕ್ಕಮಗಳೂರೆಂದರೆ ಕಾಫಿ, ಮಳೆ, ಮಲೆನಾಡು ಎಂದುಕೊಂಡವರಿಗೆ ಈ ಭಾಗ ಬೇರೆಯೇ ಜಿಲ್ಲೆಯೆನಿಸುತ್ತದೆ. ಕಡೂರು ಪೂರ್ತಿ ಬಯಲುಸೀಮೆ: ಯಗಟಿ, ಪಂಚನಹಳ್ಳಿ, ಸಿಂಗಟಗೆರೆ, ಹಿರೇನಲ್ಲೂರು ಕಡೆ ರಾಗಿ, ತೆಂಗು, ಈರುಳ್ಳಿ ಬೆಳೆಯುತ್ತಾರೆ; ಮಳೆ ಕೈಕೊಡುವ ವರ್ಷಗಳು ಇಲ್ಲಿ ಅಪರೂಪವಲ್ಲ. ಸಖರಾಯಪಟ್ಟಣದ ಅಯ್ಯನಕೆರೆ, ಮದಗದ ಕೆರೆಗಳ ಅಂಚಿನಲ್ಲಷ್ಟೇ ಹಸಿರು ಗಟ್ಟಿಯಾಗಿ ನಿಂತಿದೆ. ತರೀಕೆರೆಯ ಒಂದು ಮಗ್ಗುಲು ಲಿಂಗದಹಳ್ಳಿ, ಕೆಮ್ಮಣ್ಣುಗುಂಡಿಯ ಬೆಟ್ಟಗಳು, ಇನ್ನೊಂದು ಮಗ್ಗುಲು ಲಕ್ಕವಳ್ಳಿಯ ಭದ್ರಾ ಜಲಾಶಯ, ನಡುವೆ ಅಡಿಕೆ ತೋಟ. ಅಜ್ಜಂಪುರ ಮೊದಲು ತರೀಕೆರೆಗೇ ಸೇರಿದ್ದ ಹೋಬಳಿ. 2017ರ ರಾಜ್ಯ ಬಜೆಟ್‌ನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳ ಪಟ್ಟಿಯಲ್ಲಿ ಅದಕ್ಕೂ ಸ್ಥಾನ ಸಿಕ್ಕಿತು. ಅಮೃತಮಹಲ್ ದನಗಳ ತಳಿ ಸಂವರ್ಧನ ಕೇಂದ್ರದಿಂದಲೂ ಈರುಳ್ಳಿಯಿಂದಲೂ ಅದರ ಹೆಸರು ಹೊರಗೆ ಪರಿಚಿತ. ಮೂರರಲ್ಲೂ ಲಂಬಾಣಿ ತಾಂಡಾಗಳಿವೆ. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಕಡೂರು ಒಂದೇ ತಾಲ್ಲೂಕಿನೊಳಗೆ ಕಡೂರು ಮತ್ತು ಬೀರೂರು ಎಂಬ ಎರಡು ಶೈಕ್ಷಣಿಕ ವಲಯಗಳಿವೆ.

ಬೆಳೆಯ ಈ ವಿವರ ಇಲ್ಲಿ ಹೇಳಲು ಕಾರಣವಿದೆ. ಮಗು ಬೆಳಿಗ್ಗೆ ತಿಂದು ಬರುತ್ತದೋ ಇಲ್ಲವೋ ಎಂಬುದನ್ನು ಈ ಸೀಮೆಯಲ್ಲಿ ಬಡತನದಷ್ಟೇ ಕೆಲಸದ ವೇಳೆಯೂ ನಿರ್ಧರಿಸುತ್ತದೆ. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಸುಲಿಯುವ, ಬೇಯಿಸುವ ಕೆಲಸ ರಾತ್ರಿಗೂ ಚಾಚುತ್ತದೆ. ಕಾಫಿ ಹಣ್ಣಾಗುವ ಕಾಲಕ್ಕೆ ಎಸ್ಟೇಟ್ ಕಡೆ ಹೋಗುವ ಕೂಲಿಯಾಳುಗಳ ಗಾಡಿ ಬೆಳಕು ಹರಿಯುವ ಹೊತ್ತಿಗೇ ಊರ ಬಾಗಿಲಲ್ಲಿ ನಿಂತಿರುತ್ತದೆ. ಈರುಳ್ಳಿ ಕೀಳುವ ದಿನಗಳಲ್ಲಿ ಹೆಂಗಸರು ಎಳೆಬಿಸಿಲಿಗೇ ಹೊಲ ಸೇರಬೇಕು. ಇಂಥ ಮನೆಗಳಲ್ಲಿ ತಾಯಿ ಹೊರಡುವಾಗ ಮುದ್ದೆಯೋ ರೊಟ್ಟಿಯೋ ಮುಚ್ಚಿಟ್ಟು ಹೋಗುತ್ತಾಳೆ. ತಿನ್ನುವುದು, ತಮ್ಮನಿಗೆ ತಿನ್ನಿಸುವುದು, ಬಾಗಿಲು ಹಾಕಿ ಬರುವುದು ಮಕ್ಕಳ ಪಾಲಿಗೆ. ಕೆಲವರು ತಿನ್ನುತ್ತಾರೆ, ಕೆಲವರು ಟೀ ಕುಡಿದು, ಅಂಗಡಿಯ ಬನ್ನೋ ಬಿಸ್ಕತ್ತೋ ಕೈಯಲ್ಲಿ ಹಿಡಿದು ಬರುತ್ತಾರೆ, ಕೆಲವರು ಏನೂ ಇಲ್ಲದೆ ಬರುತ್ತಾರೆ. ರಾತ್ರಿ ಎಂಟೂವರೆಗೆ ಉಂಡ ಮಗುವಿಗೆ ಮರುದಿನದ ಬಿಸಿಯೂಟ ಒಂದು ಗಂಟೆಯ ಆಸುಪಾಸಿಗೆ. ನಡುವೆ ಹದಿನಾರು ಗಂಟೆಗೂ ಹೆಚ್ಚಿನ ಅಂತರ. ಗಣಿತ, ಭಾಷೆಯಂಥ ಗಟ್ಟಿ ವಿಷಯಗಳನ್ನು ಶಾಲೆಗಳು ಸಾಮಾನ್ಯವಾಗಿ ಇಡುವುದು ಈ ಅಂತರದ ಕೊನೆಯ ಮೂರು ಗಂಟೆಗಳಲ್ಲಿ.

ಹಿನ್ನೆಲೆ

ಶಾಲೆಯಲ್ಲಿ ಉಣ್ಣುವುದು ಈ ಊರುಗಳಿಗೆ 2000ದ ದಶಕದಲ್ಲಿ ಬಂದ ಹೊಸತೇನಲ್ಲ. 1960 ಮತ್ತು 70ರ ದಶಕಗಳಲ್ಲಿ ಅಮೆರಿಕದ ಕೇರ್ ಸಂಸ್ಥೆಯ ನೆರವಿನಿಂದ ಹಾಲಿನ ಪುಡಿಯೂ ಗೋಧಿ ನುಚ್ಚೂ ರಾಜ್ಯದ ಅನೇಕ ಶಾಲೆಗಳಿಗೆ ಬರುತ್ತಿದ್ದವು. ಆ ನುಚ್ಚಿನ ಉಪ್ಪಿಟ್ಟಿನ ವಾಸನೆಯನ್ನು ಅರವತ್ತು ದಾಟಿದವರು ಇವತ್ತಿಗೂ ನೆನೆಯುತ್ತಾರೆ. ನೆರವು ನಿಂತ ಕಡೆ ಊಟವೂ ನಿಂತಿತು. ಹಕ್ಕಾಗಿ ಅದು ಉಳಿಯಲಿಲ್ಲ.

1995ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ಪ್ರಾಥಮಿಕ ಶಿಕ್ಷಣಕ್ಕೆ ಪೌಷ್ಟಿಕ ಬೆಂಬಲದ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿದಾಗ ಹೆಚ್ಚಿನ ರಾಜ್ಯಗಳು ಬೇಯಿಸಿದ ಅನ್ನ ಕೊಡಲಿಲ್ಲ. ಶೇ 80 ಹಾಜರಿ ಇರುವ ಮಗುವಿಗೆ ತಿಂಗಳಿಗೆ 3 ಕಿಲೋ ಧಾನ್ಯ ಮನೆಗೆ ಹೋಗುತ್ತಿತ್ತು. ಮನೆಗೆ ಹೋದ ಅಕ್ಕಿ ಮನೆಮಂದಿಗೆಲ್ಲ ಹಂಚಿಹೋಗುವುದು ಸಹಜ. 2001ರ ನವೆಂಬರ್ 28ರಂದು ಪಿಯುಸಿಎಲ್ (ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್) ಸಂಘಟನೆ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೀಡಿದ ಮಧ್ಯಂತರ ಆದೇಶ ಈ ಪದ್ಧತಿಯನ್ನು ಬದಲಿಸಿತು. ಕನಿಷ್ಠ 300 ಕ್ಯಾಲರಿ, 8ರಿಂದ 12 ಗ್ರಾಂ ಪ್ರೋಟೀನ್ ಇರುವ ಬೇಯಿಸಿದ ಊಟವನ್ನು ವರ್ಷಕ್ಕೆ ಕನಿಷ್ಠ 200 ದಿನ ಕೊಡಲೇಬೇಕೆಂದು ಅದು ಹೇಳಿತು. ಕರ್ನಾಟಕ 2002-03ರಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಆರಂಭಿಸಿತು. 2003ರಲ್ಲಿ ಚಿಕ್ಕಮಗಳೂರೂ ಸೇರಿದಂತೆ ಉಳಿದ ಜಿಲ್ಲೆಗಳಿಗೆ ವಿಸ್ತರಿಸಿತು. ಮೊದಲು ಐದನೇ ತರಗತಿವರೆಗೆ ಇದ್ದ ಊಟ 2004ರಲ್ಲಿ ಆರು, ಏಳಕ್ಕೂ, 2007-08ರಲ್ಲಿ ಪ್ರೌಢಶಾಲೆಗೂ ಬಂತು. ಒಂಬತ್ತು, ಹತ್ತನೇ ತರಗತಿಗಳ ಖರ್ಚನ್ನು ರಾಜ್ಯವೇ ಹೊರುತ್ತದೆ. ಕೇಂದ್ರದ ಯೋಜನೆ ಎಂಟಕ್ಕೆ ನಿಲ್ಲುವಲ್ಲಿ ಕರ್ನಾಟಕ ನಿಲ್ಲದಿರುವುದು ಮೆಚ್ಚಬೇಕಾದ ಸಂಗತಿ.

ಊಟ ಮಕ್ಕಳನ್ನು ಶಾಲೆಗೆ ಎಳೆಯಿತೇ ಎಂಬ ಪ್ರಶ್ನೆಗೆ ಆರಂಭದಲ್ಲೇ ಒಂದು ಒಳ್ಳೆಯ ಉತ್ತರ ಸಿಕ್ಕಿತು. ಅರ್ಥಶಾಸ್ತ್ರಜ್ಞರಾದ ಜಾನ್ ಡ್ರೀಜ್ ಮತ್ತು ಅಪರಾಜಿತಾ ಗೋಯಲ್ ಛತ್ತೀಸಗಢ, ರಾಜಸ್ಥಾನ, ಕರ್ನಾಟಕಗಳಲ್ಲಿ ನಡೆದ ಸಮೀಕ್ಷೆಯನ್ನು ಆಧರಿಸಿ 2003ರಲ್ಲಿ ಬರೆದ ಲೇಖನದ ಪ್ರಕಾರ, ಬೇಯಿಸಿದ ಊಟ ಬಂದ ವರ್ಷದಲ್ಲಿ ಆ ಶಾಲೆಗಳ ಒಂದನೇ ತರಗತಿ ದಾಖಲಾತಿ ಸುಮಾರು ಶೇ 15ರಷ್ಟು ಏರಿತ್ತು.

ಬೆಳಗಿನ ಹೊತ್ತಿಗೆ ಏನಾದರೂ ಕೊಡುವ ಪ್ರಯತ್ನ ರಾಜ್ಯಮಟ್ಟದಲ್ಲಿ ಶುರುವಾದದ್ದು ಇದಾದ ಹತ್ತು ವರ್ಷಕ್ಕೆ. 2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಜಾರಿಗೆ ಬಂತು. ಹಾಲು ಒಕ್ಕೂಟಗಳಲ್ಲಿ ಹಾಲು ಉಕ್ಕಿ ಹರಿಯುತ್ತಿದ್ದ ಕಾಲವದು. ಕೊಳ್ಳುವವರಿಲ್ಲದ ಹಾಲಿಗೆ ದಾರಿ, ಕುಡಿಯದ ಮಕ್ಕಳಿಗೆ ಹಾಲು ಎಂಬ ಎರಡು ಉದ್ದೇಶಗಳೂ ಸೇರಿ ಯೋಜನೆ ಹುಟ್ಟಿತು. ವಾರಕ್ಕೆ ಮೂರು ದಿನವಿದ್ದದ್ದು 2017ರಲ್ಲಿ ಐದು ದಿನವಾಯಿತು. 2024ರ ಫೆಬ್ರವರಿಯಲ್ಲಿ ಶ್ರೀ ಸತ್ಯಸಾಯಿ ಅನ್ನಪೂರ್ಣ ಟ್ರಸ್ಟ್‌ನ ಸಹಭಾಗಿತ್ವದಲ್ಲಿ 'ಸಾಯಿ ಶ್ಯೂರ್' ರಾಗಿ ಹೆಲ್ತ್ ಮಿಕ್ಸ್ ಅನ್ನು ವಾರಕ್ಕೆ ಮೂರು ದಿನ ಹಾಲಿಗೆ ಬೆರೆಸಿ ಕೊಡಲು ಆರಂಭಿಸಲಾಯಿತು.

ಹಾಲಿನ ಲೋಟ

ಒಂದು ಮಗುವಿಗೆ 18 ಗ್ರಾಂ ಕೆನೆಭರಿತ ಹಾಲಿನ ಪುಡಿ, ಅದರಿಂದ 150 ಮಿಲಿಲೀಟರ್ ಹಾಲು. ಪುಡಿ ನಂದಿನಿಯದು. ಈ ಜಿಲ್ಲೆಯ ಹಾಲು ಉತ್ಪಾದಕರ ಸಂಘಗಳು ಹಾಸನ ಹಾಲು ಒಕ್ಕೂಟದ ವ್ಯಾಪ್ತಿಗೆ ಬರುತ್ತವೆ. ಊರ ಡೈರಿಗೆ ಹಾಲು ಹಾಕಿ ಬಂದ ಮನೆಯ ಮಗುವೇ ಶಾಲೆಯಲ್ಲಿ ಪುಡಿಯ ಹಾಲು ಕುಡಿಯುತ್ತದೆ. ಹಾಲು ಕರೆಯುವ ಮನೆಯಲ್ಲೂ ಮಕ್ಕಳಿಗೆ ಉಳಿಯುವುದು ಟೀಗೆ ಹಾಕುವಷ್ಟೇ ಎಂಬುದನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ.

ಕಾಗದದ ಮೇಲೆ ಎಲ್ಲ ಮಕ್ಕಳೂ ಫಲಾನುಭವಿಗಳು. ತರಗತಿಯಲ್ಲಿ ನಿಂತು ನೋಡಿದರೆ ಮೂರು ಬೇರೆ ಬೇರೆ ಸಂಖ್ಯೆಗಳು ಕಾಣುತ್ತವೆ: ದಾಖಲಾದವರು, ಆ ದಿನ ಬಂದವರು, ಲೋಟ ಖಾಲಿ ಮಾಡಿದವರು. ಪಾಲ್ಗೊಳ್ಳುವಿಕೆಯ ನಿಜವಾದ ಅಳತೆ ಮೂರನೆಯದು. ಅದು ಕುಸಿಯಲು ಕಾರಣಗಳು ಬಹುಪಾಲು ಅಡುಗೆಮನೆಯಲ್ಲಿಯೇ ಇವೆ, ಮತ್ತು ಅಲ್ಲಿಯೇ ಸರಿಮಾಡಬಹುದಾದವು. ಕುದಿಯುವ ನೀರಿಗೆ ಪುಡಿಯನ್ನು ನೇರವಾಗಿ ಸುರಿದರೆ ಗಂಟು ಕಟ್ಟುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಮೊದಲು ಕಲಸಿ, ಆಮೇಲೆ ಕುದಿಸಿದರೆ ಹಾಲು ಹಾಲಿನಂತೆಯೇ ಇರುತ್ತದೆ. ಸಾಂಬಾರಿನ ಪಾತ್ರೆಯಲ್ಲೇ ಹಾಲು ಕಾಯಿಸಿದರೆ ಒಗ್ಗರಣೆಯ ವಾಸನೆ ಅದಕ್ಕಂಟುತ್ತದೆ. ತೆರೆದಿಟ್ಟ ಪುಡಿಗೆ ಮಳೆಗಾಲದಲ್ಲಿ ಥಂಡಿ ಹಿಡಿದು ಮುಗ್ಗಲು ವಾಸನೆ ಬರುತ್ತದೆ. ತರೀಕೆರೆಯ ಬೆಟ್ಟದ ಕಡೆಯ ಶಾಲೆಗಳಿಗೆ ಇದು ಕಡೂರಿನ ಬಯಲಿಗಿಂತ ದೊಡ್ಡ ಸಮಸ್ಯೆ. ಕಡೂರು ಕಡೆ ಕಷ್ಟ ಬೇರೆ: ಕೊಳವೆಬಾವಿಯ ಗಡಸು ನೀರಿನಲ್ಲಿ ಹಾಲಿನ ರುಚಿ ಕೆಡುತ್ತದೆ. ಶಾಲೆಗೆ ಶುದ್ಧ ಕುಡಿಯುವ ನೀರಿನ ಘಟಕದಿಂದ ಒಂದೆರಡು ಕ್ಯಾನ್ ತರಿಸುವುದು ಪಂಚಾಯಿತಿ ಮನಸ್ಸು ಮಾಡಿದರೆ ಆಗುವ ಕೆಲಸ. ಕೆಲವು ಮಕ್ಕಳಿಗೆ ಹಾಲು ಮೈಗೆ ಒಗ್ಗುವುದಿಲ್ಲ, ಹೊಟ್ಟೆ ಉಬ್ಬರಿಸುತ್ತದೆ. ಅಂಥವರನ್ನು ಗದರಿಸಿ ಕುಡಿಸುವುದಕ್ಕಿಂತ ಮೊದಲ ವಾರಗಳಲ್ಲಿ ಅರ್ಧ ಲೋಟದಿಂದ ಶುರುಮಾಡುವುದು ಸರಿಯಾದ ದಾರಿ.

ಇಲ್ಲಿ ರಾಗಿ ಮಾಲ್ಟ್ ತಂದ ಬದಲಾವಣೆ ಗಮನಾರ್ಹ. ಬಯಲುಸೀಮೆಯ ಮಗುವಿಗೆ ರಾಗಿ ತೊಟ್ಟಿಲಲ್ಲಿ ರಾಗಿ ಸರಿ ತಿಂದಾಗಿನಿಂದ ಪರಿಚಿತ. ಬಣ್ಣ, ಸಿಹಿ, ಗಟ್ಟಿತನ ಮೂರೂ ಸೇರಿ ಬರಿಯ ಪುಡಿಹಾಲಿನ ವಾಸನೆಯನ್ನು ಮರೆಸುತ್ತವೆ. ಸುಣ್ಣಾಂಶ, ಕಬ್ಬಿಣಾಂಶಗಳ ಲೆಕ್ಕ ಬೇರೆ ಇದ್ದೇ ಇದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ (2019-21) ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಆರು ತಿಂಗಳು ದಾಟಿದವರಲ್ಲಿ ಶೇ 65.5 ಮಂದಿ ರಕ್ತಹೀನತೆಯುಳ್ಳವರು. ಆ ಮಕ್ಕಳೇ ಈಗ ಒಂದನೇ ತರಗತಿಯಿಂದ ಮೇಲೆ ಬರುತ್ತಿರುವವರು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಬರಿಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆ ತೊಳಸಿದಂತಾಗುತ್ತದೆ. ಒಮ್ಮೆ ಹಾಗಾದ ಮಗು ಮುಂದಿನ ವಾರ ಮಾತ್ರೆಯನ್ನು ಕಿಟಕಿಯಿಂದಾಚೆ ಎಸೆಯುತ್ತದೆ. ಹೊಟ್ಟೆಗೆ ಏನಾದರೂ ಬಿದ್ದಿದ್ದರೆ ಮಾತ್ರ ಆ ಕಾರ್ಯಕ್ರಮವೂ ನಡೆಯುತ್ತದೆ.

ಗಂಟೆಯ ಪ್ರಶ್ನೆ

ಬೆಳಗಿನ ಆಹಾರದ ಬಗ್ಗೆ ಜಗತ್ತಿನ ಬೇರೆ ಬೇರೆ ಕಡೆ ನಡೆದ ಪ್ರಯೋಗಗಳಿಂದ ಒಂದು ಪಾಠ ಎದ್ದು ಕಾಣುತ್ತದೆ: ಏನು ಕೊಡುತ್ತೀರಿ ಎಂಬಷ್ಟೇ ತೂಕ ಯಾವಾಗ ಕೊಡುತ್ತೀರಿ ಎಂಬುದಕ್ಕೂ ಇದೆ. ಅಮೆರಿಕದಲ್ಲಿ 1966ರಲ್ಲಿ ಎರಡು ವರ್ಷದ ಪ್ರಯೋಗವಾಗಿ ಶುರುವಾದ ಶಾಲಾ ತಿಂಡಿ ಕಾರ್ಯಕ್ರಮ 1975ರಲ್ಲಿ ಕಾಯಂ ಆಯಿತು. ಬಡ ಪ್ರದೇಶಗಳಿಗೂ ಬಹುದೂರದಿಂದ ಶಾಲೆಗೆ ಬರುವ ಮಕ್ಕಳಿಗೂ ಮೊದಲ ಆದ್ಯತೆ ಎಂಬುದು ಅದರ ಆರಂಭದ ಉದ್ದೇಶ. ಆದರೂ ದಶಕಗಳ ಕಾಲ ಅಲ್ಲಿ ಶಾಲೆಯಲ್ಲಿ ತಿಂಡಿ ತಿನ್ನುವವರು ಮಧ್ಯಾಹ್ನ ಊಟ ಮಾಡುವವರ ಅರ್ಧಕ್ಕಿಂತಲೂ ಕಡಿಮೆ. ಕಾರಣ ಸರಳವಾಗಿತ್ತು. ತಿಂಡಿ ಪಾಠಕ್ಕೆ ಮುನ್ನ ಊಟದ ಕೋಣೆಯಲ್ಲಿ. ಬಸ್ಸು ಬರುವುದು ಗಂಟೆ ಹೊಡೆಯುವ ಹೊತ್ತಿಗೆ. ಬೇಗ ಬಂದು ತಿನ್ನುವವನು ಬಡವನೆಂದು ಎಲ್ಲರಿಗೂ ಗೊತ್ತಾಗುತ್ತಿತ್ತು. ಗಂಟೆ ಹೊಡೆದ ಮೇಲೆ, ತರಗತಿಯಲ್ಲೇ, ಎಲ್ಲರಿಗೂ ಉಚಿತವಾಗಿ ಕೊಟ್ಟ ಕಡೆಗಳಲ್ಲಿ ತಿನ್ನುವವರ ಸಂಖ್ಯೆ ಏರಿತು. ಜಮೈಕಾದ ಗ್ರಾಮೀಣ ಶಾಲೆಗಳಲ್ಲಿ ಒಂದು ವರ್ಷ ತಿಂಡಿ ಕೊಟ್ಟು ಮಾಡಿದ, 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮಕ್ಕಳ ಹಾಜರಿ ಮತ್ತು ಬೆಳವಣಿಗೆ ಸುಧಾರಿಸಿದ್ದವು. ಕೆಳ ತರಗತಿಯವರ ಲೆಕ್ಕದ ಅಂಕವೂ ಮೇಲೇರಿತ್ತು.

ಇದನ್ನು ಈ ಮೂರು ತಾಲ್ಲೂಕುಗಳಿಗೆ ಹಚ್ಚಿ ನೋಡಬೇಕು. ಬಸ್ಸಿನ ಮೇಲೆ ಅವಲಂಬಿಸಿದ ಪ್ರೌಢಶಾಲೆ ಮಕ್ಕಳು, ಬೆಟ್ಟದಂಚಿನ ತೋಟದ ಮನೆಗಳಿಂದ ನಡೆದು ಬರುವವರು, ದನ ಬಿಟ್ಟು ಬರುವವರು ಪ್ರಾರ್ಥನೆಗೆ ಸ್ವಲ್ಪ ಹಿಂದುಮುಂದಾಗಿಯೇ ಬರುತ್ತಾರೆ. ಪ್ರಾರ್ಥನೆಗೆ ಮುಂಚೆ ಹಾಲು ಹಂಚಿ ಹಂಡೆ ತೊಳೆದಿಟ್ಟರೆ ತಪ್ಪಿಹೋಗುವುದು ಇವರಿಗೆ. ಹಾಲು ಅತ್ಯಂತ ಅಗತ್ಯವಿರುವವರೂ ಇವರೇ. ಪ್ರಾರ್ಥನೆ ಮುಗಿದು ಹಾಜರಿ ಕರೆದ ಮೇಲೆ, ತರಗತಿಯಲ್ಲಿ ಅಥವಾ ಜಗಲಿಯಲ್ಲಿ ಕೂರಿಸಿ ಹತ್ತು ನಿಮಿಷದಲ್ಲಿ ಕೊಟ್ಟರೆ ತಡವಾದವರೂ ಒಳಗೊಳ್ಳುತ್ತಾರೆ. ಪಾಠದ ಸಮಯ ಹೋಗುತ್ತದೆಂಬ ಆಕ್ಷೇಪ ಬರುವುದುಂಟು. ಹಸಿದ ಮಗುವಿನ ಮುಂದೆ ಹತ್ತು ನಿಮಿಷ ಹೆಚ್ಚು ಪಾಠ ಮಾಡಿ ಗಳಿಸುವುದೇನೂ ಇಲ್ಲವೆಂಬುದು ಈ ಲೇಖಕರ ದೃಢವಾದ ಅಭಿಪ್ರಾಯ.

ಶನಿವಾರದ ಬೆಳಗಿನ ಶಾಲೆ ಇದಕ್ಕೆ ಕಣ್ಣೆದುರಿನ ಉದಾಹರಣೆ. ಆ ದಿನ ಮಕ್ಕಳು ಎಂಟರ ಹೊತ್ತಿಗೇ ಬರುತ್ತಾರೆ, ಮಧ್ಯಾಹ್ನಕ್ಕೆ ಮುಂಚೆಯೇ ಶಾಲೆ ಬಿಡುತ್ತದೆ. ಅನ್ನ, ಸಾಂಬಾರಿನ ಬದಲು ಉಪ್ಪಿಟ್ಟಿನಂಥ, ಬಿಸಿಬೇಳೆಬಾತಿನಂಥ ಒಂದೇ ಪಾತ್ರೆಯ ಅಡುಗೆ, ಅದೂ ಬೆಳಗಿನ ಹೊತ್ತಿಗೇ. ಹೆಸರು ಬಿಸಿಯೂಟವಾದರೂ ಕೆಲಸ ಮಾಡುವುದು ತಿಂಡಿಯಾಗಿ. ತಿಂಡಿ ಯೋಜನೆ ಸಾಧ್ಯವೇ ಎಂದು ಕೇಳುವವರು ಇದೇ ಅಡುಗೆಮನೆ, ಇದೇ ಸಿಲಿಂಡರ್, ಇದೇ ಅಡುಗೆಯವರು ವಾರಕ್ಕೊಂದು ದಿನ ಅದನ್ನು ನಡೆಸುತ್ತಿರುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ನೆರೆಯ ರಾಜ್ಯಗಳು

ತಮಿಳುನಾಡಿನ ಮುಖ್ಯಮಂತ್ರಿ ತಿಂಡಿ ಯೋಜನೆ 2022ರ ಸೆಪ್ಟೆಂಬರ್ 15ರಂದು ಮಧುರೈನಲ್ಲಿ ಆರಂಭವಾಯಿತು. ಮೊದಲ ಹಂತದಲ್ಲಿ 1,545 ಶಾಲೆಗಳ ಒಂದರಿಂದ ಐದನೇ ತರಗತಿಯ ಸುಮಾರು 1.14 ಲಕ್ಷ ಮಕ್ಕಳು. 2023ರ ಆಗಸ್ಟ್‌ನಲ್ಲಿ ಅದು ರಾಜ್ಯದ ಎಲ್ಲ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೂ, ಆಮೇಲೆ ಅನುದಾನಿತ ಶಾಲೆಗಳಿಗೂ ಹಬ್ಬಿತು. ಉಪ್ಪಿಟ್ಟು, ಕಿಚಡಿ, ಪೊಂಗಲ್, ಜೊತೆಗೆ ತರಕಾರಿ ಸಾಂಬಾರ್. ಮಧ್ಯಾಹ್ನದ ಊಟದ ಸಿಬ್ಬಂದಿಯ ಮೇಲೆ ಈ ಹೊರೆ ಹೇರದೆ ಸ್ವಸಹಾಯ ಸಂಘಗಳ ಮಹಿಳೆಯರಿಗೆ ಅಡುಗೆ ವಹಿಸಿದ್ದು ಆ ಯೋಜನೆಯ ಜಾಣತನ. ತೆಲಂಗಾಣ 2023ರ ಅಕ್ಟೋಬರ್‌ನಲ್ಲಿ ತಿಂಡಿ ಯೋಜನೆ ಆರಂಭಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಪೌಷ್ಟಿಕ ತಿಂಡಿಯ ನಂತರದ ಬೆಳಗಿನ ಸಮಯ ಕಲಿಕೆಗೆ ಹೆಚ್ಚು ಫಲಕಾರಿಯೆಂದು ಹೇಳಿ, ಬಿಸಿ ತಿಂಡಿ ಸಾಧ್ಯವಿಲ್ಲದ ಕಡೆ ಬೆಲ್ಲದ ಜೊತೆ ಶೇಂಗಾ ಅಥವಾ ಕಡಲೆ, ಸ್ಥಳೀಯ ಹಣ್ಣು ಕೊಡಬಹುದೆಂದು ಸೂಚಿಸಿದೆ. 2021ರಲ್ಲಿ ಪಿ.ಎಂ. ಪೋಷಣ್ ಎಂಬ ಹೊಸ ಹೆಸರು ಪಡೆದ ಕೇಂದ್ರದ ಬಿಸಿಯೂಟ ಯೋಜನೆಯಲ್ಲಿ ಮಾತ್ರ ತಿಂಡಿಗೆ ಹಣ ಬರಲಿಲ್ಲ.

ರುಚಿ

ಮಕ್ಕಳು ಊಟ ಬಿಡುವುದಕ್ಕೆ ಮೊದಲ ಕಾರಣ ರುಚಿ. ಈ ಭಾಗದಲ್ಲಿ ಅಡುಗೆ ಶಾಲೆಯಲ್ಲೇ ಆಗುವುದು ದೊಡ್ಡ ಅನುಕೂಲ. ಬೆಂಗಳೂರು, ಹುಬ್ಬಳ್ಳಿ, ಮೈಸೂರುಗಳಲ್ಲಿ ಅಕ್ಷಯ ಪಾತ್ರದಂಥ ಕೇಂದ್ರೀಕೃತ ಅಡುಗೆಮನೆಗಳಿಂದ ಬರುವ ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಊಟದ ಬಗ್ಗೆ 2018-19ರಲ್ಲಿ ರಾಜ್ಯದಲ್ಲಿ ಜೋರು ಚರ್ಚೆ ನಡೆಯಿತು. ಸಪ್ಪೆಯಾಗಿದ್ದರೆ ಮಕ್ಕಳು ತಿನ್ನುವುದು ಕಡಿಮೆಯಾಗುತ್ತದೆ ಎಂಬುದು ಆಕ್ಷೇಪಿಸಿದವರ ವಾದ. ಈರುಳ್ಳಿ ಬೆಳೆಯುವ ಅಜ್ಜಂಪುರದ, ಕಡೂರಿನ ಮಗುವಿಗೆ ಈರುಳ್ಳಿಯಿಲ್ಲದ ಸಾಂಬಾರು ಊಟವೆನಿಸುವುದಿಲ್ಲ. ಊರ ಅಡುಗೆಯವರು ಮನೆಯ ಕೈರುಚಿಯಲ್ಲೇ ಮಾಡುವುದರಿಂದ ಆ ತೊಡಕು ಇಲ್ಲಿಲ್ಲ.

ಬಿಸಿಯೂಟದಲ್ಲಿ ಪ್ರಾಥಮಿಕ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಹಿರಿಯ ಪ್ರಾಥಮಿಕಕ್ಕೆ ಇದರ ಒಂದೂವರೆಪಟ್ಟು. ತರಕಾರಿ ಬೆಲೆ ಏರಿದಾಗ ಮೊದಲು ಸೊರಗುವುದು ಆ 50 ಗ್ರಾಂ. ಶಾಲಾ ಕೈತೋಟದ ನುಗ್ಗೆ, ಕರಿಬೇವು, ಬಸಳೆ ಇದನ್ನು ತುಂಬುತ್ತವೆ. ನೀರಿನ ಅಭಾವವಿರುವ ಕಡೂರಿನ ಶಾಲೆಯಲ್ಲೂ ತಟ್ಟೆ ತೊಳೆದ ನೀರಿಗೆ ನಾಲ್ಕು ನುಗ್ಗೆ ಗಿಡ ಬೆಳೆಯುತ್ತವೆ.

ಮೊಟ್ಟೆ ಬೆಳಗಿನ ಆಹಾರದ ಭಾಗವಾಗಿರದೆ ಮಧ್ಯಾಹ್ನದ ಊಟದ ಜೊತೆ ಬರುತ್ತದೆ. ಆದರೆ ಪಾಲ್ಗೊಳ್ಳುವಿಕೆಯ ಬಗ್ಗೆ ಅದು ಕಲಿಸಿದ್ದು ಬಹಳ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲೂ ವಿಜಯಪುರದಲ್ಲೂ ಮೊಟ್ಟೆ ಶುರುವಾದಾಗ ಕೆಲವು ಮಠಾಧೀಶರಿಂದ ವಿರೋಧ ಬಂತು. ತಿನ್ನದವರಿಗೆ ಬಾಳೆಹಣ್ಣು ಕೊಡುವ ವ್ಯವಸ್ಥೆಯೊಂದಿಗೆ ಯೋಜನೆ ಮುಂದುವರಿಯಿತು. ಮೊಟ್ಟೆ ಕೊಟ್ಟ ಯಾದಗಿರಿ ಮತ್ತು ಕೊಡದ ಗದಗ ಜಿಲ್ಲೆಗಳನ್ನು ಹೋಲಿಸಿ ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಮಾಡಿದ ಅಧ್ಯಯನದಲ್ಲಿ ಯಾದಗಿರಿ ಮಕ್ಕಳ ತೂಕದ ಏರಿಕೆ ಹೆಚ್ಚಾಗಿತ್ತು. ಆಮೇಲೆ ಮೊಟ್ಟೆ ಇಡೀ ರಾಜ್ಯಕ್ಕೆ ಬಂತು. 2024ರ ಸೆಪ್ಟೆಂಬರ್‌ನಿಂದ ಅಜೀಂ ಪ್ರೇಮ್‌ಜಿ ಫೌಂಡೇಷನ್ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ ನೆರವು ನೀಡಿದ್ದರಿಂದ ವಾರದ ಆರು ದಿನವೂ ಸಿಗುವಂತಾಯಿತು. ಮಠದ ಪ್ರಭಾವವೂ ಸಸ್ಯಾಹಾರಿ ಮನೆಗಳೂ ಹೆಚ್ಚಿರುವ ಈ ಸೀಮೆಯಲ್ಲಿ ಮೊಟ್ಟೆ, ಬಾಳೆಹಣ್ಣಿನ ಆಯ್ಕೆ ಮಗುವಿಗೂ ಮನೆಗೂ ಬಿಟ್ಟದ್ದು. ಒಂದೇ ಸಾಲಿನಲ್ಲಿ ಒಬ್ಬರು ಮೊಟ್ಟೆ, ಪಕ್ಕದವರು ಬಾಳೆಹಣ್ಣು ತಿನ್ನುವುದು ಮಕ್ಕಳಿಗೆ ಬೇಗ ರೂಢಿಯಾಗುತ್ತದೆ. ದೊಡ್ಡವರು ನಡುವೆ ಬಾರದಿದ್ದರೆ ಸಾಕು.

ಪಂಕ್ತಿ

ಸಾಲಾಗಿ ಕೂತು ಒಂದೇ ಅಡುಗೆ ಉಣ್ಣುವುದು ಹಳ್ಳಿಯಲ್ಲಿ ಸಣ್ಣ ಸಂಗತಿಯಲ್ಲ. ಯೋಜನೆಗೆ ದಾಸೋಹವೆಂದು ಹೆಸರಿಟ್ಟದ್ದು ಶರಣರ ಪರಂಪರೆಯನ್ನೂ ಸಿದ್ಧಗಂಗೆಯಂಥ ಮಠಗಳ ಅನ್ನದ ಪಂಕ್ತಿಯನ್ನೂ ನೆನೆದು. ಹೆಸರಿನ ಜೊತೆ ಆಚರಣೆಯೂ ಬರಬೇಕು. ದಲಿತ ಮಹಿಳೆ ಅಡುಗೆ ಮಾಡುತ್ತಾರೆಂಬ ಕಾರಣಕ್ಕೆ ಕೋಲಾರ ಜಿಲ್ಲೆಯ ಕಗ್ಗನಹಳ್ಳಿ ಶಾಲೆಯಿಂದ ಪೋಷಕರು ಮಕ್ಕಳನ್ನು ಬಿಡಿಸಿದ ಸುದ್ದಿ 2015ರ ಹೊತ್ತಿಗೆ ದೇಶದ ಗಮನ ಸೆಳೆಯಿತು. ಇಂಥ ಬಹಿಷ್ಕಾರ ಎಲ್ಲೇ ನಡೆದರೂ ಅಡುಗೆಯವರನ್ನು ಬದಲಿಸಿ ಸಮಾಧಾನ ಮಾಡುವುದು ತಪ್ಪು. ಮೇಷ್ಟ್ರೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರೂ ಅದೇ ಪಂಕ್ತಿಯಲ್ಲಿ ಕೂತು ಉಂಡರೆ ಊರಿಗೆ ಉತ್ತರ ಸಿಗುತ್ತದೆ. ಬಿಸಿಯೂಟವನ್ನು ಬಡಿಸುವ ಮುನ್ನ ಶಿಕ್ಷಕರು ರುಚಿ ನೋಡಬೇಕೆಂಬ ನಿಯಮ ಸುರಕ್ಷತೆಗಾಗಿ ಬಂದದ್ದು, 2013ರ ಜುಲೈನಲ್ಲಿ ಬಿಹಾರದ ಛಪ್ರಾ ಬಳಿ ಊಟ ವಿಷವಾಗಿ 23 ಮಕ್ಕಳು ಸತ್ತ ಮೇಲೆ ಬಿಗಿಯಾದದ್ದು. ಆದರೆ ಮೇಷ್ಟ್ರು ಉಣ್ಣುವುದನ್ನು ಮಕ್ಕಳು ನೋಡಿದರೆ ಅದರ ಪರಿಣಾಮ ಸುರಕ್ಷತೆಯನ್ನೂ ಮೀರುತ್ತದೆ.

ಪ್ರೌಢಶಾಲೆಯ ಹುಡುಗಿಯರ ಸಂಕೋಚ ಬೇರೆ ಬಗೆಯದು. ಎಂಟನೇ ತರಗತಿ ದಾಟಿದ ಮೇಲೆ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲಲು ಅನೇಕರು ಹಿಂಜರಿಯುತ್ತಾರೆ; ಡಬ್ಬಿ ತರುವುದು ದೊಡ್ಡತನವೆಂಬ ಭಾವನೆ ಬೆಳೆಯುತ್ತದೆ. ಬೆಳಿಗ್ಗೆ ಬಸ್ಸಿನ ಗಡಿಬಿಡಿಯಲ್ಲಿ ತಿನ್ನದೆ ಬರುವವರಲ್ಲಿ ಹೆಚ್ಚಿನವರು ಇವರೇ. ತರಗತಿಗೇ ತಂದು ಕೊಟ್ಟಾಗ, ಬಡಿಸುವ ಸರದಿಯಲ್ಲಿ ಹುಡುಗರನ್ನೂ ಸೇರಿಸಿದಾಗ, ತಟ್ಟೆ ತೊಳೆಯಲು ಮರೆಯಿರುವ ನಲ್ಲಿ ಇದ್ದಾಗ ಈ ಹಿಂಜರಿಕೆ ಕಡಿಮೆಯಾಗುತ್ತದೆ.

ಅಡುಗೆಯವರು

ಯಾವ ಯೋಜನೆಯೂ ಕೊನೆಗೆ ಬಂದು ನಿಲ್ಲುವುದು ಸೌಟು ಹಿಡಿದ ಕೈಯ ಮೇಲೆ. 25 ಮಕ್ಕಳವರೆಗೆ ಒಬ್ಬರು ಅಡುಗೆಯವರು, 100ರವರೆಗೆ ಇಬ್ಬರು, ಆಮೇಲಿನ ಪ್ರತಿ ನೂರಕ್ಕೂ ಒಬ್ಬರಂತೆ ಸೇರಿಸಬೇಕೆಂಬುದು ಕೇಂದ್ರದ ಮಾನದಂಡ. ಇವರು ಬಹುತೇಕ ಊರಿನ ಬಡ ಹೆಂಗಸರು. ಸಿಗುವುದು ಸಂಬಳವೆನ್ನಿಸಿಕೊಳ್ಳದ ಗೌರವಧನ. ಕನಿಷ್ಠ ವೇತನ, ನಿವೃತ್ತಿ ಸೌಲಭ್ಯಗಳಿಗಾಗಿ ಇವರ ಸಂಘಟನೆಗಳು ಬೆಂಗಳೂರಿನ ಫ್ರೀಡಂ ಪಾರ್ಕ್‌ವರೆಗೂ ಹೋಗಿ ಧರಣಿ ಕೂತಿವೆ.

ಹಾಲು ಬಂದಾಗ ಇವರ ಕೆಲಸ ಬೆಳಿಗ್ಗೆ ಒಂದು ಗಂಟೆ ಮುಂಚೆ ಶುರುವಾಯಿತು. ಮಾಲ್ಟ್ ಬಂದಾಗ ಕಲಸುವ, ಉಜ್ಜಿ ತೊಳೆಯುವ ಕೆಲಸ ಸೇರಿತು. ಮೊಟ್ಟೆ ಬಂದಾಗ ಬೇಯಿಸಿ ಸುಲಿಯುವುದು ಸೇರಿತು. ತಿಂಡಿಯೂ ಬಂದರೆ ಅವರು ಆರು ಗಂಟೆಗೇ ಮನೆ ಬಿಡಬೇಕು, ತಮ್ಮ ಮಕ್ಕಳಿಗೆ ತಿಂಡಿ ಮಾಡದೆ. ಒಬ್ಬರೇ ಅಡುಗೆಯವರಿರುವ ಸಣ್ಣ ಶಾಲೆಗಳು ತಾಂಡಾಗಳಲ್ಲೂ ತೋಟದ ಊರುಗಳಲ್ಲೂ ಬಹಳ; ಅವರು ಕಾಯಿಲೆ ಬಿದ್ದ ದಿನ ಒಲೆ ಹೊತ್ತಿಸುವವರಿಲ್ಲ. ಆದ್ದರಿಂದ ಈ ತಾಲ್ಲೂಕುಗಳಲ್ಲಿ ಬೆಳಗಿನ ಆಹಾರವನ್ನು ವಿಸ್ತರಿಸುವ ಯಾವುದೇ ಯೋಜನೆ ಮಕ್ಕಳ ಸಂಖ್ಯೆಗೆ ಮೊದಲು ಅಡುಗೆಯವರ ಗಂಟೆಗಳನ್ನು ಲೆಕ್ಕ ಹಾಕಬೇಕು. ಬೆಳಗಿನ ಸರದಿಗೆ ಬೇರೆ ಕೈ, ಅದಕ್ಕೆ ಬೇರೆ ಹಣ. ಸ್ತ್ರೀಶಕ್ತಿ ಗುಂಪುಗಳೂ ಸಂಜೀವಿನಿ ಒಕ್ಕೂಟಗಳೂ ಹಳ್ಳಿಹಳ್ಳಿಯಲ್ಲಿರುವುದರಿಂದ ತಮಿಳುನಾಡಿನ ದಾರಿ ಇಲ್ಲಿಗೂ ಹೊಂದುತ್ತದೆ.

ಲೆಕ್ಕ ಮತ್ತು ಮೇಲುಸ್ತುವಾರಿ

ತಾಲ್ಲೂಕು ಮಟ್ಟದಲ್ಲಿ ತಾಲ್ಲೂಕು ಪಂಚಾಯಿತಿಯ ಅಕ್ಷರ ದಾಸೋಹ ಸಹಾಯಕ ನಿರ್ದೇಶಕರು, ಶಾಲೆಯಲ್ಲಿ ಮುಖ್ಯ ಶಿಕ್ಷಕರು ಮತ್ತು ಎಸ್‌ಡಿಎಂಸಿ, ಮೇಲಿನಿಂದ ಜಿಲ್ಲಾ ಪಂಚಾಯಿತಿ ಯೋಜನೆಯನ್ನು ನೋಡಿಕೊಳ್ಳುತ್ತವೆ. ಖರ್ಚನ್ನು ಕೇಂದ್ರ 60, ರಾಜ್ಯ 40ರ ಪ್ರಮಾಣದಲ್ಲಿ ಹಂಚಿಕೊಳ್ಳುತ್ತವೆ. ಹಾಲು, ಮೊಟ್ಟೆಗಳಂಥ ಹೆಚ್ಚುವರಿಗಳ ಭಾರ ರಾಜ್ಯದ್ದು ಮತ್ತು ದಾನಿ ಸಂಸ್ಥೆಗಳದ್ದು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಮಧ್ಯಾಹ್ನದ ಊಟವನ್ನು ಹಕ್ಕಾಗಿಸಿದೆ. ಬೆಳಗಿನ ಆಹಾರಕ್ಕೆ ಅಂಥ ಕಾನೂನಿನ ಬಲವಿಲ್ಲ. ಹಾಲಿನ ಪುಡಿಯ ಸರಬರಾಜು ತಡವಾದರೆ ಲೋಟ ಖಾಲಿ ಇರುತ್ತದೆ, ಕೇಳುವ ಹಕ್ಕು ಯಾರಿಗೂ ಇರುವುದಿಲ್ಲ. ಸರಬರಾಜು ನಿಂತು ನಿಂತು ಬಂದರೆ ಮಕ್ಕಳ ರೂಢಿಯೂ ತಪ್ಪುತ್ತದೆ. ಒಂದು ತಿಂಗಳ ಬಿಡುವಿನ ಬಳಿಕ ಹಾಲು ಮತ್ತೆ ಬಂದಾಗ ಲೋಟ ತರುವವರು ಮೊದಲಿನಷ್ಟು ಇರುವುದಿಲ್ಲ.

ಶಾಲೆಗಳು ದಿನವೂ ಉಂಡವರ ಸಂಖ್ಯೆಯನ್ನು ವರದಿ ಮಾಡುತ್ತವೆ. ಆ ಸಂಖ್ಯೆ ಹಾಜರಿಯನ್ನೇ ನಕಲು ಮಾಡಿದಂತೆ ಇದ್ದರೆ ಅದರಿಂದ ಯೋಜನೆಗೆ ಉಪಯೋಗವಿಲ್ಲ. ಯಾವ ದಿನ ಎಷ್ಟು ಹಾಲು ಉಳಿಯಿತು, ಮಾಲ್ಟಿನ ದಿನ ಎಷ್ಟು, ಬರಿ ಹಾಲಿನ ದಿನ ಎಷ್ಟು, ಅಡಿಕೆ ಕೊಯ್ಲಿನ ತಿಂಗಳಲ್ಲಿ ಹಾಜರಿ ಹೇಗೆ, ಬೇಸಿಗೆಯಲ್ಲಿ ಹೇಗೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಪ್ರತಿ ಶಾಲೆಗೂ ಅದರದೇ ಉತ್ತರ ಸಿಗುತ್ತದೆ. ಲಕ್ಕವಳ್ಳಿಯ ಶಾಲೆಗೆ ಸರಿಹೊಂದುವ ಸಮಯ ಪಂಚನಹಳ್ಳಿಗೆ ಸರಿಹೊಂದಬೇಕಿಲ್ಲ. ಹಾಲು ಕೊಡುವ ವೇಳೆಯನ್ನು ಬಸ್ಸಿನ ವೇಳೆಗೆ ತಕ್ಕಂತೆ ಹದಿನೈದು ನಿಮಿಷ ಹಿಂದುಮುಂದು ಮಾಡುವ ಸ್ವಾತಂತ್ರ್ಯ ಮುಖ್ಯ ಶಿಕ್ಷಕರಿಗೆ ಇರಬೇಕು, ಮತ್ತು ಹಾಗೆ ಮಾಡಿದ್ದಕ್ಕೆ ತಪಾಸಣೆಗೆ ಬಂದ ಅಧಿಕಾರಿ ನೋಟಿಸ್ ಕೊಡುವಂತಿರಬಾರದು.